ಅರ್ಜಿಯಲ್ಲಿ ಎರಡು ಖಾಲಿ ಖಾನೆ

ಮನೆ, ಅಡುಗೆಮನೆಯ ಮೇಜು
ಜೂನ್ ೧೪, ಭಾನುವಾರ

ಪ್ರೀತಿಯ ಅತ್ತೆಯವರಿಗೆ,

ಸೊಸೆಯ ನಮಸ್ಕಾರಗಳು. ಮೊದಲು ಮಂಡಿಯ ಸಮಾಚಾರ ತಿಳಿಸಿ. ಬಿಸಿನೀರಿನ ಶಾಖ ಕೊಡುತ್ತಿದ್ದೀರೋ, ಇಲ್ಲ ಮಗಳಿಗೆ ಯಾಕೆ ತೊಂದರೆ ಎಂದು ಹಲ್ಲು ಕಚ್ಚಿಕೊಂಡು ಕೂತಿದ್ದೀರೋ? ಕನ್ನಡಕದ ಕಾಲು ಸರಿ ಮಾಡಿಸಿದಿರಾ? ಇನ್ನೂ ದಾರ ಕಟ್ಟಿಕೊಂಡೇ ಓಡಾಡುತ್ತಿದ್ದೀರಿ ಎಂದು ನಿಮ್ಮ ಮಗಳು ಹೇಳಿದಳು. ಈ ಪತ್ರ ಓದುವ ಮುಂಚೆ ಆ ದಾರವನ್ನು ಸ್ವಲ್ಪ ಬಿಗಿ ಮಾಡಿಕೊಳ್ಳಿ, ಏಕೆಂದರೆ ಇದು ಉದ್ದದ ಪತ್ರ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿಮ್ಮ ಮಗನ ಹೊಟ್ಟೆ ಇನ್ನೊಂದು ಸುತ್ತು ಬಂದಿದೆ. ವ್ಯಾಪಾರಕ್ಕಾಗಿ ರುಚಿ ನೋಡಿ ನೋಡಿ ಬಂದದ್ದಂತೆ, ಅದನ್ನು ತ್ಯಾಗ ಎಂದು ಪರಿಗಣಿಸಬೇಕಂತೆ. ನಿಮ್ಮ ಮೊಮ್ಮಗಳು ಗುಬ್ಬಿ ಕಾಲೇಜಿನ ಪರೀಕ್ಷೆ ಮುಗಿಸಿ ಮನೆಯಲ್ಲಿದ್ದಾಳೆ, ಈರುಳ್ಳಿ ಹೆಚ್ಚಲು ಕರೆದರೆ ಮಾತ್ರ ಇನ್ನೂ ಪರೀಕ್ಷೆ ಬಾಕಿ ಇದೆ ಎನ್ನುತ್ತಾಳೆ.

ಫೋನ್ ಇರುವಾಗ ಪತ್ರ ಯಾಕೆ ಎಂದು ನೀವು ಕೇಳುತ್ತೀರಿ. ಫೋನಿನಲ್ಲಿ ನಾನು ಅಡುಗೆಯ ಮಾತೆತ್ತಿದ ಕೂಡಲೇ ನೀವು ‘ಗಿಡಕ್ಕೆ ನೀರು ಹಾಕಿದ್ಯಾ’ ಎನ್ನುತ್ತೀರಿ. ಯಾವಾಗ ಬರುತ್ತೀರಿ ಎಂದರೆ ‘ಇಲ್ಲಿ ಸೆಖೆ ಜಾಸ್ತಿ ಕಣೆ’ ಎನ್ನುತ್ತೀರಿ. ಪತ್ರದ ಮಾತನ್ನು ಹಾಗೆ ತಿರುಗಿಸಲು ಬರುವುದಿಲ್ಲ. ಹತ್ತು ದಿನ ಮಗಳ ಮನೆಯಲ್ಲಿ ಇದ್ದು ಬರುತ್ತೇನೆಂದು ನೀವು ಹೋಗಿ ನಾಲ್ಕು ತಿಂಗಳಾಯಿತು. ನಮ್ಮ ಊಟದ ವ್ಯಾಪಾರಕ್ಕೆ ಹೆಸರಿಡುವ ಬಗ್ಗೆ ಎರಡು ವಾರದ ಹಿಂದೆ ನೀವು ಹೇಳಿದ್ದು ಇನ್ನೂ ಕಿವಿಯಲ್ಲಿದೆ. ‘ಹೆಸರು ಏನಾದ್ರೂ ಇಟ್ಕೊಳ್ಳಿ, ನನ್ನ ಹೆಸರು ಮಾತ್ರ ಬೇಡ. ಉಪ್ಪು ಹಾಕಿದ್ದೇ ಮರೆಯೋಳ ಹೆಸರಲ್ಲಿ ಊಟ ಕಳಿಸಿದ್ರೆ ಯಾರು ತಿಂತಾರೆ? ನನ್ನ ಕೈಯ ಕಾಲ ಮುಗೀತು.’ ಅಷ್ಟು ಹೇಳಿ ಮತ್ತೆ ಗಿಡದ ವಿಷಯಕ್ಕೆ ಹೋದಿರಿ. ನೀವು ಅಲ್ಲಿ ಅಡುಗೆಮನೆಗೆ ಕಾಲೇ ಇಡುತ್ತಿಲ್ಲವೆಂದೂ, ಮಾತ್ರೆ ನುಂಗಿದ್ದನ್ನು ಕೂಡ ಚೀಟಿಯಲ್ಲಿ ಬರೆದಿಡುತ್ತೀರೆಂದೂ ನಿಮ್ಮ ಮಗಳು ಹೇಳಿದಾಗ ನನಗೆ ಊಟ ಸೇರಲಿಲ್ಲ. ಇರಲಿ. ಮೊದಲು ಹೆಸರಿನ ಕಥೆ ಕೇಳಿ, ನೀವು ನಗದಿದ್ದರೆ ನಾನು ಬರೆದದ್ದೇ ದಂಡ.

ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ಜನರನ್ನು ಆಡಿಕೊಳ್ಳುತ್ತಾರಲ್ಲ, ನಮ್ಮದು ಪೂರ್ತಿ ಉಲ್ಟಾ. ನಮ್ಮ ಕೂಸು ಹುಟ್ಟಿ, ಅಂಬೆಗಾಲಿಟ್ಟು, ಒಂದು ವರ್ಷದಿಂದ ಊರೆಲ್ಲ ಸುತ್ತಿ ಜನರಿಗೆ ಉಣಬಡಿಸುತ್ತಿದೆ. ಕುಲಾವಿ ಹಾಗಿರಲಿ, ಅದಕ್ಕೊಂದು ಹೆಸರೂ ಇಲ್ಲ. ಈಗ ಪರವಾನಗಿ ತೆಗೆದುಕೊಂಡು ಸರಿಯಾದ ವ್ಯಾಪಾರವೆಂದೇ ಶುರು ಮಾಡೋಣ ಎಂದು ಅರ್ಜಿ ಹಿಡಿದು ಕಚೇರಿಗೆ ಹೋದೆ. ಒಲೆ ಎಷ್ಟು, ನಲ್ಲಿ ಎಷ್ಟು, ಕಿಟಕಿ ಎಷ್ಟು, ಎಲ್ಲ ತುಂಬಿದ್ದೆ. ಗುಮಾಸ್ತರು ಕನ್ನಡಕವನ್ನು ಮೂಗಿನ ತುದಿಗೆ ತಂದುಕೊಂಡು ಎರಡು ಕಡೆ ಬೆರಳಿಟ್ಟರು. ಮೊದಲ ಖಾನೆ, ಸಂಸ್ಥೆಯ ಹೆಸರು. ಕೊನೆಯ ಖಾನೆ, ಮುಖ್ಯ ಅಡುಗೆಯವರ ಹೆಸರು ಮತ್ತು ಸಹಿ. ಎರಡೂ ಖಾಲಿ. ‘ಅಮ್ಮಾ, ಹೆಸರೇ ಇಲ್ಲದ್ದಕ್ಕೆ ನಾನು ಏನಂತ ಪರವಾನಗಿ ಬರೆಯಲಿ?’ ಎಂದರು. ಬಡಪಾಯಿ, ಅವರು ಹೇಳಿದ್ದು ನ್ಯಾಯವೇ. ಇಪ್ಪತ್ತೆರಡನೇ ತಾರೀಖಿನೊಳಗೆ ತುಂಬಿ ತರಲು ಹೇಳಿ ಕಳಿಸಿದರು.

ಅವತ್ತು ಸಂಜೆಯಿಂದ ಮನೆಯಲ್ಲಿ ಬೇರೆ ಮಾತಿಲ್ಲ. ನಿಮ್ಮ ಮಗ ಬಸ್ ಡಿಪೋದಲ್ಲಿ ಎಷ್ಟು ಸಣ್ಣ ಕುರ್ಚಿಯಲ್ಲಿ ಕೂರುತ್ತಾರೋ ಅಷ್ಟು ದೊಡ್ಡ ಹೆಸರು ಅವರಿಗೆ ಬೇಕು. ‘ಭೋಜನ ಸಾಮ್ರಾಜ್ಯ’ ಎಂದರು. ಎರಡು ಒಲೆ, ಒಂದು ಸೋರುವ ನಲ್ಲಿ, ಇದು ಯಾವ ಸೀಮೆಯ ಸಾಮ್ರಾಜ್ಯ ಎಂದು ಕೇಳಿದ್ದಕ್ಕೆ ಮುಖ ಊದಿಸಿಕೊಂಡರು. ಚಿಕ್ಕಮಾವ ಮೇಷ್ಟ್ರ ಕೆಲಸದಿಂದ ನಿವೃತ್ತರಾದರೂ ನಾಲಿಗೆ ಇನ್ನೂ ನಿವೃತ್ತವಾಗಿಲ್ಲ. ಅವರು ಇಡೀ ದಿನ ನಿಘಂಟು ತಿರುವಿ ‘ಸಕಲಜನ ರಸನಾ ಸಂತೃಪ್ತಿ ಪಾಕಶಾಲೆ’ ಎಂದು ಬರೆದು ತಂದರು. ಅದನ್ನು ಓದಿ ಮುಗಿಸುವಷ್ಟರಲ್ಲಿ ಅನ್ನ ಆರಿ ಹೋಗುತ್ತದೆ ಎಂದಳು ಗುಬ್ಬಿ. ಅವಳದು ‘ಕ್ರೇಜಿ ಸ್ಪೂನ್’. ‘ಸೌಟಿಗೇ ಹುಚ್ಚು ಹಿಡಿದಿರೋ ಕಡೆ ಯಾರಮ್ಮ ಊಟ ಮಾಡ್ತಾರೆ’ ಎಂದು ಚಿಕ್ಕಮಾವ ಸೇಡು ತೀರಿಸಿಕೊಂಡರು. ನಾನು ಮೆಲ್ಲಗೆ ‘ಅತ್ತೆ ಸೊಸೆ ಅಡುಗೆ’ ಎಂದೆ. ಊಟಕ್ಕಿಂತ ಹೆಚ್ಚಾಗಿ ಜಗಳ ನೋಡಲು ಜನ ಬರುತ್ತಾರೆ ಎಂದು ನಿಮ್ಮ ಮಗ ನಕ್ಕರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ನಮ್ಮಿಬ್ಬರಿಗೂ ಒಂದೇ ಕಾಲ ಬಂದು ಒಂದೇ ಒಲೆಯ ಮುಂದೆ ನಿಂತೆವಲ್ಲ, ಅದನ್ನು ಹೆಸರಿನಲ್ಲಿ ಹೇಳಬೇಕೆಂದು ನನಗೆ ಆಸೆಯಿತ್ತು. ಆದರೆ ನೀವೇ ಬೇಡವೆಂದು ಅಪ್ಪಣೆ ಕೊಟ್ಟಾಗಿತ್ತು.

ಹೋದ ಭಾನುವಾರ ಬೆಳಿಗ್ಗೆ, ಇನ್ನು ಜಗಳ ಸಾಕು, ಚೀಟಿ ಎತ್ತೋಣ ಎಂದಾಯಿತು. ಎಲ್ಲರ ಹೆಸರುಗಳನ್ನೂ ಚೀಟಿಯಲ್ಲಿ ಬರೆದು ಮಧ್ಯದ ಗಾತ್ರದ ಅಲ್ಯೂಮಿನಿಯಂ ಪಾತ್ರೆಗೆ ಹಾಕಿ, ಗುಬ್ಬಿ ಕುಲುಕಿ ಮುಚ್ಚಳ ಮುಚ್ಚಿದಳು. ಮುಚ್ಚಿದ್ದು ಹೇಗೆ ಗೊತ್ತೇ? ಮಗುಚಿ, ಹಿಡಿ ಕೆಳಗೆ ಬರುವ ಹಾಗೆ. ಕೈಗೆ ಅಷ್ಟು ರೂಢಿಯಾಗಿದೆ ಮಗುವಿಗೆ. ನೀವೇ ಮಾಡಿದ ಕಾನೂನನ್ನು ನಿಮಗೇ ಬರೆದು ತಿಳಿಸಬೇಕಾಗಿಲ್ಲ, ಆದರೂ ಬರೆಯಲು ಖುಷಿಯಾಗುತ್ತದೆ. ಈ ವ್ಯಾಪಾರ ಶುರುವಾದ ಮೊದಲ ವಾರವೇ, ನೀವು ಉಪ್ಪು ಹಾಕಿಟ್ಟ ಬೇಳೆಗೆ ನಾನೂ ಉಪ್ಪು ಹಾಕಿ, ನಾವು ಮೂರು ದಿನ ಆ ಬೇಳೆಯನ್ನೇ ನೀರು ಬೆರೆಸಿ ಬೆರೆಸಿ ತಿಂದಾಗ ನೀವು ಸೌಟು ಮೇಲೆತ್ತಿ ಘೋಷಿಸಿದಿರಿ. ಉಪ್ಪು ಹಾಕಿದವರು ಮುಚ್ಚಳವನ್ನು ಮಗುಚಿ ಮುಚ್ಚಬೇಕು. ಮುಚ್ಚಳ ನೆಟ್ಟಗಿದ್ದರೆ ಉಪ್ಪು ಬಿದ್ದಿಲ್ಲ, ಮಗುಚಿದ್ದರೆ ಬಿದ್ದಿದೆ. ಯಾರೂ ಯಾರನ್ನೂ ಕೇಳುವ ಹಾಗಿಲ್ಲ, ಕೂಗುವ ಹಾಗಿಲ್ಲ. ‘ಬಾಯಿ ಮರೆಯುತ್ತೆ, ನಾಲಿಗೆ ಮೋಸ ಹೋಗುತ್ತೆ, ಮುಚ್ಚಳ ಸುಳ್ಳು ಹೇಳಲ್ಲ’ ಎಂದು ನೀವು ಎಷ್ಟು ಸಲ ಹೇಳಿದ್ದೀರೋ ಲೆಕ್ಕವಿಲ್ಲ.

ಗುಬ್ಬಿ ಕಣ್ಣು ಮುಚ್ಚಿಕೊಂಡು ಚೀಟಿ ಎತ್ತಬೇಕು ಎನ್ನುವಷ್ಟರಲ್ಲಿ ವ್ಯಾನಿನವರು ಬಂದರು. ಅವತ್ತು ಮಧ್ಯಾಹ್ನಕ್ಕೆ ಅರವತ್ತು ಜನರ ಊಟ ಹೋಗಬೇಕಿತ್ತು. ಬಾಗಿಲಲ್ಲಿ ನಿಂತು ಮೇಜಿನ ಮೇಲಿನ ಪಾತ್ರೆ ನೋಡಿ, ‘ಉಪ್ಪಾಯ್ತಲ್ಲ, ಎತ್ಕೊಳ್ಳಲಾ?’ ಎಂದರು. ನಾವು ಬಾಯಿ ಬಿಡುವ ಮೊದಲೇ ಎರಡೂ ಕೈ ಹಾಕಿ ಭಾರದ ಪಾತ್ರೆ ಎತ್ತುವಂತೆ ಎತ್ತಿದರು. ಪಾತ್ರೆ ಹಗುರವಾಗಿ ತಲೆಯ ತನಕ ಹೋಯಿತು. ಮುಚ್ಚಳ ಒಂದು ಕಡೆ, ಚೀಟಿಗಳು ಒಂದು ಕಡೆ, ಸಾಮ್ರಾಜ್ಯ ನೇರವಾಗಿ ಪಾತ್ರೆ ತೊಳೆಯುವ ನೀರಿಗೆ ಬಿತ್ತು. ‘ಇದೇನಮ್ಮಾ, ಗಾಳಿ ಬೇಯ್ಸಿದೀರಾ?’ ಎಂದು ಅವರು ಕೇಳಿದಾಗ ಚಿಕ್ಕಮಾವ ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡರು. ಹೆಸರು ಆರಿಸುತ್ತಿದ್ದೇವೆ ಎಂದು ಗುಬ್ಬಿ ಹೇಳಿದ್ದೇ ತಡ, ವ್ಯಾನಿನವರು ನಮ್ಮನ್ನೆಲ್ಲ ಪೆದ್ದರನ್ನು ನೋಡುವ ಹಾಗೆ ನೋಡಿದರು. ‘ಹೆಸರು ಇದೆಯಲ್ಲ. ಹೋದ ಹಾಲ್‌ಗಳಲ್ಲೆಲ್ಲ ನಿಮ್ಮನ್ನ ಮಗುಚಿದ ಮುಚ್ಚಳದವರು ಅಂತಾನೆ ಕರೆಯೋದು. ನಿಮಗೆ ಗೊತ್ತಿಲ್ವಾ?’

ನಮಗೆ ಗೊತ್ತಿರಲಿಲ್ಲ ಅತ್ತೆ. ನಿಮ್ಮ ಕಾನೂನು ನಮ್ಮ ಅಡುಗೆಮನೆಯ ಗುಟ್ಟು ಎಂದುಕೊಂಡಿದ್ದೆ, ಅದು ಊರಿಗೆಲ್ಲ ಗುರುತಾಗಿದೆ. ಮಗುಚಿದ ಮುಚ್ಚಳದ ಮೇಲೆ ಇನ್ನೊಂದು ಪಾತ್ರೆ ಅಲುಗದೆ ಕೂರುವುದರಿಂದ ವ್ಯಾನಿನವರಿಗೆ ಅದು ಬಹಳ ಇಷ್ಟವಂತೆ. ಹಾಲ್‌ನ ಕಾವಲುಗಾರರು ದೂರದಿಂದ ನೋಡಿಯೇ ಗೇಟು ತೆಗೆಯುತ್ತಾರಂತೆ. ನಾವು ನಾಲ್ಕು ಜನ ತಲೆ ಕೆಡಿಸಿಕೊಂಡು ಹುಡುಕುತ್ತಿದ್ದ ಹೆಸರನ್ನು ಜನ ನಮಗೆ ಯಾವಾಗಲೋ ಇಟ್ಟುಬಿಟ್ಟಿದ್ದರು. ‘ಮಗುಚಿದ ಮುಚ್ಚಳ’ ಎಂದು ಗುಬ್ಬಿ ಎರಡು ಸಲ ಬಾಯಲ್ಲಿ ಹೊರಳಿಸಿ ನೋಡಿದಳು. ಮಗುಚಿತು ಎಂದರೆ ದೋಣಿ ಮಗುಚಿದ ಹಾಗೆ ಕೇಳುತ್ತದೆ, ಅಶುಭ ಎಂದು ನಿಮ್ಮ ಮಗ ಗೊಣಗಿದರು. ದೋಣಿ ಮಗುಚಿದರೆ ನಷ್ಟ, ಮುಚ್ಚಳ ಮಗುಚಿದರೆ ಊಟ ಸಿದ್ಧ ಎಂದು ಚಿಕ್ಕಮಾವ ತೀರ್ಪು ಕೊಟ್ಟರು. ನಿಘಂಟನ್ನು ಅವರೇ ಮುಚ್ಚಿಟ್ಟರು ಎಂದರೆ ನೀವೇ ಊಹಿಸಿ.

ಎಲ್ಲರೂ ಒಪ್ಪಿದ ಮೇಲೆ ನಿಮ್ಮ ಮಗ ಒಂದು ಮಾತು ಕೇಳಿದರು. ‘ಅಮ್ಮನಿಗೆ ಬೇಜಾರಾಗಲ್ವಾ?’ ಆಗ ಎಲ್ಲರಿಗೂ ಹೆಡ್‌ಮಿಸ್ಸಿನ ಬೀಳ್ಕೊಡುಗೆ ಊಟ ನೆನಪಾಯಿತು. ನೀವು ಅದನ್ನು ಮರೆಯಲಿ ಎಂದು ನಾಲ್ಕು ತಿಂಗಳಿಂದ ಅದರ ಸುದ್ದಿ ಎತ್ತಿಲ್ಲ, ಆದರೆ ನೀವು ಮರೆತಿಲ್ಲ. ಎಂಬತ್ತು ಜನ, ದೊಡ್ಡ ಪಾತ್ರೆ ತುಂಬ ಕಾಳು, ಅದಕ್ಕೆ ಎರಡು ಸಲ ಉಪ್ಪು. ಭಾಷಣ ಮಾಡುತ್ತಿದ್ದವರು ಒಂದೊಂದು ವಾಕ್ಯಕ್ಕೂ ಒಂದೊಂದು ಲೋಟ ನೀರು ಕುಡಿದರು. ಹೂಜಿಗಳು ಖಾಲಿಯಾಗಿ, ಶಾಲೆಯ ಕುಡಿಯುವ ನೀರಿನ ನಲ್ಲಿಯ ಮುಂದೆ ಮೇಷ್ಟ್ರುಗಳೆಲ್ಲ ಮಕ್ಕಳ ಹಾಗೆ ಸಾಲು ನಿಂತರು. ಈಗ ಬರೆಯುವಾಗ ನಗು ಬರುತ್ತದೆ, ಅವತ್ತು ಬರಲಿಲ್ಲ. ನೀವು ಒಂದು ಚಮಚ ಬಾಯಿಗೆ ಹಾಕಿ ನೋಡಿ, ಅಕ್ಕಿ ಮೂಟೆಯ ಮೇಲೆ ಕುಸಿದು ಕೂತು, ‘ನಾನೇ ಎರಡು ಸಲ ಹಾಕ್ಬಿಟ್ಟೆ ಕಣೆ. ಮೊದಲ ಸಲ ಹಾಕಿ ಮುಚ್ಚಳ ಮಗುಚೋದೂ ಮರೆತಿದ್ದೀನಿ. ತಲೆ ಹೋಯ್ತು ನಂದು’ ಎಂದಿರಿ. ಮುಂದಿನ ವಾರ ಮಂಡಿ ನೋವೆಂದು ಮಗಳ ಮನೆಗೆ ಹೊರಟಿರಿ. ಮಂಡಿ ನೋವು ನಿಜ, ಆದರೆ ನೀವು ಹೋದದ್ದು ಮಂಡಿಗಾಗಿ ಅಲ್ಲ ಎಂದು ನನಗೆ ಗೊತ್ತು.

ಈಗ ಒಂದು ಸಿಹಿ ಸುದ್ದಿ. ಅದೇ ಹೆಡ್‌ಮಿಸ್ಸು ಮೊನ್ನೆ ಫೋನ್ ಮಾಡಿದ್ದರು. ತಂಗಿಯ ಮಗಳ ಮದುವೆ, ನೂರೈವತ್ತು ಜನ, ನಮ್ಮದೇ ಊಟ ಬೇಕಂತೆ. ನಾನು ತಡವರಿಸುತ್ತಾ ಹಿಂದಿನ ಸಲದ ಬಗ್ಗೆ ಏನೋ ಹೇಳಲು ಹೋದರೆ, ‘ಅಯ್ಯೋ ಬಿಡಿ, ನಲವತ್ತು ವರ್ಷ ಕೆಲಸ ಮಾಡಿದ್ರೂ ಆ ಮೇಷ್ಟ್ರುಗಳನ್ನ ಒಂದು ಸಾಲಲ್ಲಿ ನಿಲ್ಸೋಕಾಗಿರ್ಲಿಲ್ಲ, ನಿಮ್ಮ ಕಾಳು ನಿಲ್ಸಿತು’ ಎಂದರು. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದರು. ‘ಆ ಅಮ್ಮ ಬರ್ತಾರಲ್ಲ?’ ಬರುತ್ತಾರೆ ಎಂದುಬಿಟ್ಟೆ. ನಿಮ್ಮನ್ನು ಕೇಳದೆ ಮಾತು ಕೊಟ್ಟದ್ದಕ್ಕೆ ಬಯ್ಯಿರಿ, ಆದರೆ ಮಾತು ಕೊಟ್ಟಾಗಿದೆ. ಮದುವೆ ಮುಂದಿನ ತಿಂಗಳು ಐದಕ್ಕೆ.

ಬೋರ್ಡಿನ ಕಥೆಯೊಂದು ಬಾಕಿ ಇದೆ. ನಮ್ಮ ಹಳೆಯ ಊಟದ ಮೇಜಿನ ಹಲಗೆ, ಅದೇ ಒಂದು ಮೂಲೆಯಲ್ಲಿ ನೀವು ಬಿಸಿ ಬಾಣಲೆ ಇಟ್ಟು ಸುಟ್ಟ ಗುರುತಿರುವುದು, ಅದನ್ನು ನಿಮ್ಮ ಮಗ ಉಜ್ಜಿ ನುಣುಪು ಮಾಡಿದರು. ಸುಟ್ಟ ಗುರುತನ್ನು ಮಾತ್ರ ಹಾಗೇ ಬಿಡಲು ನಾನು ಹೇಳಿದೆ. ಗುಬ್ಬಿ ಒಂದು ಪಾತ್ರೆ, ಅದರ ಮೇಲೆ ಮಗುಚಿದ ಮುಚ್ಚಳದ ಚಿತ್ರ ಬರೆದು ತಿರುವಿನ ಬೋರ್ಡು ಬರೆಯುವವರಿಗೆ ಕೊಟ್ಟಳು. ನಿನ್ನೆ ಅವರು ಬೋರ್ಡು ಹೊತ್ತು ತಂದು ಜಂಬದಿಂದ ಬಟ್ಟೆ ಸರಿಸಿದರು. ಅಕ್ಷರಗಳು ಮುತ್ತಿನ ಹಾಗಿದ್ದವು. ಮುಚ್ಚಳ ಮಾತ್ರ ನೆಟ್ಟಗಿತ್ತು, ಹಿಡಿ ಮೇಲಕ್ಕೆ, ಅದರ ಪಕ್ಕ ಹಬೆ ಬೇರೆ. ಕೇಳಿದರೆ, ‘ಮಗು ಅವಸರದಲ್ಲಿ ತಲೆಕೆಳಗೆ ಬರೆದುಬಿಟ್ಟಿತ್ತು, ಪಾಪ ಅಂತ ನಾನೇ ಸರಿ ಮಾಡಿದೆ’ ಎಂದರು. ಕೆಳಗೆ ದಪ್ಪಕ್ಷರದಲ್ಲಿ ಮಗುಚಿದ ಮುಚ್ಚಳ ಎಂದು ಅವರೇ ಬರೆದಿದ್ದರು. ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಒಳಗೆ ಹೋಗಿ ನೀರು ಕುಡಿದೆ. ಅವರು ಬೇಸರವಿಲ್ಲದೆ ಇವತ್ತು ಬೆಳಿಗ್ಗೆ ಬಂದು ಮುಚ್ಚಳವನ್ನು ಮತ್ತೆ ಮಗುಚಿ ಬರೆದುಕೊಟ್ಟಿದ್ದಾರೆ. ಬೋರ್ಡು ಒಣಗಲೆಂದು ಹಿಂದಿನ ಬಾಗಿಲಿಗೆ ಒರಗಿಸಿಟ್ಟಿದ್ದೇವೆ, ಇಲ್ಲಿಂದಲೇ ಕಾಣುತ್ತಿದೆ. ಗೋಡೆಗೆ ಏರಿಸಿಲ್ಲ. ನೀವು ಬೇಡ ಎಂದರೆ ಆ ಹಲಗೆ ಮತ್ತೆ ಮೇಜಾಗುತ್ತದೆ, ಇನ್ನೊಂದು ಹೆಸರು ಹುಡುಕುತ್ತೇವೆ.

ಗಿಡಕ್ಕೆ ನೀರು ಹಾಕಿದ್ದೇನೆ. ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಎನ್ನುತ್ತಾರೆ, ನಾವು ಇಲ್ಲಿ ದಿನಕ್ಕೆ ಹತ್ತು ಸಲ ನೆನೆಯುತ್ತಿದ್ದೇವೆ. ಚಿಕ್ಕಮಾವನ ಆಶೀರ್ವಾದಗಳು ನಿಮ್ಮ ಮಗಳ ಮಕ್ಕಳಿಗೆ, ಗುಬ್ಬಿಯ ಮುತ್ತು ನಿಮಗೆ, ನಿಮ್ಮ ಮಗನಿಂದ ಒಂದು ದೂರು: ನಾನು ಅವರಿಗೆ ಎರಡನೇ ಸಲ ಬಡಿಸುವುದಿಲ್ಲವಂತೆ. ನಿಮ್ಮ ಆಶೀರ್ವಾದ ನನ್ನ ಮೇಲಿರಲಿ. ಕೆಳಗಿನದನ್ನು ಓದಿದ ಮೇಲೂ ಇರಲಿ.

ನಿಮ್ಮ
ಸೊಸೆ

ಮರೆತಿದ್ದು: ಮರೆತಿದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಪತ್ರ ಪೆಟ್ಟಿಗೆಗೆ ಹಾಕಲು ನಿಮ್ಮ ಮಗ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಹೆಡ್‌ಮಿಸ್ಸಿನ ಊಟದ ದಿನ ನೀವು ಮೊದಲ ಸಲ ಉಪ್ಪು ಹಾಕಿ, ಕಾನೂನಿನ ಪ್ರಕಾರ ಮುಚ್ಚಳ ಮಗುಚಿಯೇ ಹೋಗಿದ್ದಿರಿ. ಶಾಲೆಯಿಂದ ಫೋನ್ ಬಂತು, ವ್ಯಾನ್ ಎಷ್ಟು ಹೊತ್ತಿಗೆ ಎಂದು. ನಾನು ಫೋನನ್ನು ಕಿವಿ ಮತ್ತು ಹೆಗಲಿನ ಮಧ್ಯೆ ಸಿಕ್ಕಿಸಿಕೊಂಡು ಕಾಳು ಬೆಂದಿದೆಯೇ ಎಂದು ಮುಚ್ಚಳ ತೆಗೆದು ನೋಡಿದೆ. ಮತ್ತೆ ಮುಚ್ಚುವಾಗ ಗಮನವೆಲ್ಲ ಫೋನಿನಲ್ಲಿ, ನೆಟ್ಟಗೆ ಮುಚ್ಚಿದೆ. ನೀವು ಬಂದಿರಿ, ನಿಮ್ಮ ನೆನಪಿಗಿಂತ ಮುಚ್ಚಳವನ್ನೇ ನಂಬಿ, ನೆಟ್ಟಗಿದೆ, ಉಪ್ಪು ಬಿದ್ದಿಲ್ಲ ಎಂದು ಮತ್ತೆ ಹಾಕಿದಿರಿ. ಮುಚ್ಚಳ ಸುಳ್ಳು ಹೇಳಿತ್ತು, ಹೇಳಿಸಿದವಳು ನಾನು. ಶಾಲೆಯಲ್ಲಿ ನೀವು ಮೂಟೆಯ ಮೇಲೆ ಕೂತಾಗಲೇ ನನಗೆ ಹೊಳೆಯಿತು. ಹೇಳಲಿಲ್ಲ. ಮದುವೆಯಾಗಿ ಬಂದಾಗಿನಿಂದ ಅಡುಗೆಮನೆಯಲ್ಲಿ ಏನು ಕೆಟ್ಟರೂ ಅದು ನನ್ನ ಕೈಯಿಂದಲೇ. ಒಂದು ಸಲ ನಿಮ್ಮ ಕೈಯಿಂದ ಎನ್ನುವುದು ಎರಡು ನಿಮಿಷ ಹಿತವಾಗಿತ್ತು ಅತ್ತೆ, ನಿಜ ಹೇಳುತ್ತೇನೆ. ಎರಡು ನಿಮಿಷದ ನಂತರ ಹೇಳಲು ನಾಚಿಕೆಯಾಯಿತು, ಎರಡು ದಿನದ ನಂತರ ಭಯವಾಯಿತು, ಅಷ್ಟರಲ್ಲಿ ನೀವು ಪೆಟ್ಟಿಗೆ ಕಟ್ಟಿದ್ದಿರಿ. ಉಪ್ಪು ತಿಂದವರು ನೀರು ಕುಡಿಯಲೇಬೇಕು ಎನ್ನುತ್ತಾರೆ. ಅವತ್ತು ಉಪ್ಪು ತಿಂದವರು ಮೇಷ್ಟ್ರುಗಳು, ನೀರು ಕುಡಿದವರೂ ಅವರೇ, ನಾನು ಮಾತ್ರ ಇವತ್ತಿನ ತನಕ ಬಾಯಾರಿಕೊಂಡೇ ಇದ್ದೆ. ನಿಮ್ಮ ತಲೆಗೆ ಏನೂ ಆಗಿಲ್ಲ. ಮಾತ್ರೆಯ ಚೀಟಿಗಳನ್ನು ಹರಿದು ಹಾಕಿ. ಇದರ ಜೊತೆ ಅರ್ಜಿ ಇಟ್ಟಿದ್ದೇನೆ. ಮೊದಲ ಖಾನೆ ತುಂಬಿದೆ, ಪೆನ್ಸಿಲಿನಲ್ಲಿ, ನಿಮಗೆ ಇಷ್ಟವಿಲ್ಲದಿದ್ದರೆ ಅಳಿಸಬಹುದು. ಕೊನೆಯ ಖಾನೆಯಲ್ಲಿ ಮುಖ್ಯ ಅಡುಗೆಯವರೆಂದು ನಿಮ್ಮ ಹೆಸರು ಬರೆದಿದ್ದೇನೆ, ಅದು ಶಾಯಿಯಲ್ಲಿ. ಸಹಿ ನೀವು ಹಾಕಬೇಕು. ಇಪ್ಪತ್ತೆರಡು ಕೊನೆಯ ದಿನ. ಅಂಚೆಯಲ್ಲಿ ಕಳಿಸಬೇಡಿ, ಕೈಯಲ್ಲೇ ತನ್ನಿ. ಬಯ್ಯುವುದನ್ನೂ ಇಲ್ಲಿಗೆ ಬಂದೇ ಬಯ್ಯಿರಿ.